ಗಣಕದ ಧ್ವನಿಮುದ್ರಣದಲ್ಲಿ ಗ್ರಂಥಪಾತ

ಓಲೆಗರಿಯ ಪ್ರತಿಗಳನ್ನು ಕೈಯಲ್ಲಿ ಹಿಡಿದು ಪರಿಶೋಧನೆ ನಡೆಸಿದವರಿಗೆ ಗ್ರಂಥಪಾತವೆಂಬುದು ಹೊಸ ಮಾತಲ್ಲ. ಗರಿಯ ಅಂಚು ಮುರಿದೆಡೆ, ಹುಳು ತಿಂದೆಡೆ, ಲಿಪಿಕಾರನ ಕಣ್ಣು ಒಂದು ಪಂಕ್ತಿಯಿಂದ ಮತ್ತೊಂದಕ್ಕೆ ಜಾರಿದೆಡೆ ಮೂಲವು ಲುಪ್ತವಾಗಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಬಾಯಿಂದ ಬಾಯಿಗೆ ನಡೆದುಬಂದ ಕಾವ್ಯಗಳನ್ನೂ ಗಮಕಿಗಳ ವಾಚನವನ್ನೂ ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳುವ ಪದ್ಧತಿಯು ಈಗ ನಮ್ಮ ವಿದ್ವಾಂಸರಲ್ಲಿ ಸಾಮಾನ್ಯವಾಗಿದೆ. ಈ ಹೊಸ ಪ್ರತಿಗೂ ಅದರದೇ ಆದ ಗ್ರಂಥಪಾತಗಳುಂಟು. ಅವು ಎಲ್ಲಿಂದ ಹುಟ್ಟುವುವು, ಹೇಗೆ ಗುರುತಿಸತಕ್ಕವು, ಮುದ್ರಣವನ್ನು ಹೊತ್ತ ತಟ್ಟೆಯೇ ನಾಶವಾಗುವ ಹಂತಕ್ಕೆ ಬಂದಾಗ ಏನು ಮಾಡತಕ್ಕದ್ದು ಎಂಬುದನ್ನು ಯಂತ್ರಶಾಸ್ತ್ರದ ಪರಿಚಯವಿಲ್ಲದ ವಾಚಕರಿಗೂ ತಿಳಿಯುವಂತೆ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿಷಯದ ಗೌರವವನ್ನು ತಿಳಿಯಲು ಒಂದೇ ಉದಾಹರಣೆ ಸಾಕು. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರೂ ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೂ ಕೂಡಿ ೧೯೯೦ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. ೧೯೯೮ರಲ್ಲಿ ಹೆಲ್ಸಿಂಕಿಯಿಂದ ಅಚ್ಚಾಗಿ ಬಂದ ಆ ಗ್ರಂಥದಲ್ಲಿ ೧೫,೬೮೩ ಪಂಕ್ತಿಗಳಿವೆ. ಇಂತಹ ಗ್ರಂಥಕ್ಕೆ ಮೂಲಪ್ರತಿ ಯಾವುದು? ಓಲೆಯಲ್ಲ, ಕಡತವಲ್ಲ, ಮುದ್ರಿತವಾದ ಧ್ವನಿಯೇ. ಓಲೆಯ ಪ್ರತಿಯೊಂದು ಕೆಟ್ಟರೆ ಬೇರೊಂದು ಮಠದಲ್ಲಿ ಇನ್ನೊಂದು ಪ್ರತಿ ದೊರೆಯಬಹುದೆಂಬ ಆಸೆಯಿರುತ್ತದೆ. ಹಾಡಿದವರು ಕಾಲವಾದ ಮೇಲೆ ಧ್ವನಿಯ ಪ್ರತಿ ಕೆಟ್ಟರೆ ಆ ಆಸೆಗೂ ಎಡೆಯಿಲ್ಲ. ಅದೇ ಕಾವ್ಯವನ್ನು ಮತ್ತೊಬ್ಬರು ಹಾಡಿಯಾರು; ಆದರೆ ಅದು ಬೇರೊಂದು ಪಾಠವಾಗುವುದೇ ಹೊರತು ಕಳೆದುಹೋದದ್ದಾಗಲಾರದು.

ಮೊದಲು ಗಣಕವು ಧ್ವನಿಯನ್ನು ಬರೆದುಕೊಳ್ಳುವ ಬಗೆಯನ್ನು ನೋಡೋಣ. ಮೇಣದ ಉರುಳೆಯ ಮೇಲೆ ಮುಳ್ಳು ಕೊರೆದಂತೆ ಅದು ಧ್ವನಿಯ ಆಕಾರವನ್ನು ಎಡೆಬಿಡದೆ ಕೊರೆಯುವುದಿಲ್ಲ. ಮೈಕ್ರೋಫೋನಿನಿಂದ ಬಂದ ವಿದ್ಯುತ್ತಿನ ಏರಿಳಿತವನ್ನು ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯು ಸೆಕೆಂಡಿಗೆ ೪೮,೦೦೦ ಸಾರಿ ಅಳೆದು, ಒಂದೊಂದು ಅಳತೆಯನ್ನೂ ೨೪ ಬಿಟ್ಟುಗಳ ಅಂಕಿಯಾಗಿ ಗಣಕಕ್ಕೆ ಒಪ್ಪಿಸುವುದು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವು ತನ್ನ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಕಡಿಮೆಗೆ ಇಳಿಯಬಾರದೆಂದು ವಿಧಿಸಿದೆ. ಎಡ ಬಲ ಎರಡೂ ಧಾರೆಗಳು ಸೇರಿ ಸೆಕೆಂಡಿಗೆ ೨,೮೮,೦೦೦ ಬೈಟುಗಳಾಗುವುವು. ಒಂದು ಗಂಟೆಗೆ ೧೦೩ ಕೋಟಿಗೂ ಮಿಕ್ಕು. ಸಂಖ್ಯೆ ದೊಡ್ಡದೆಂದು ತೋರಿದರೂ ಈಗಿನ ಸಾಮಾನ್ಯ ಹಾರ್ಡ್ ಡಿಸ್ಕು ಸೆಕೆಂಡಿಗೆ ಹತ್ತು ಕೋಟಿ ಬೈಟುಗಳನ್ನು ಬರೆಯಬಲ್ಲದು. ಆದುದರಿಂದ ಯಂತ್ರದ ಸರಾಸರಿ ವೇಗವು ಸಾಲದೆಂಬುದು ಧ್ವನಿಲೋಪಕ್ಕೆ ಕಾರಣವಾಗುವುದು ಬಹಳ ಅಪರೂಪ. ಹೆಚ್ಚು ಬೆಲೆಯ ಯಂತ್ರವನ್ನು ಕೊಂಡೊಡನೆ ದೋಷವು ಪರಿಹಾರವಾಗುವುದೆಂದು ಅಂಗಡಿಯವರು ಹೇಳುವ ಮಾತನ್ನು ಈ ಕಾರಣದಿಂದಲೇ ಪೂರ್ತಿಯಾಗಿ ನಂಬಲಾಗದು.

ನಿಜವಾದ ಕಾರಣವು ವೇಗದಲ್ಲಲ್ಲ, ತಡೆಯಲ್ಲಿದೆ. ಧ್ವನಿಯ ಅಳತೆಗಳು ಕಾಲುವೆಯ ನೀರಿನಂತೆ ನಿಲ್ಲದೆ ಬರುತ್ತಿರುವುವು. ಗಣಕವಾದರೋ ಹತ್ತಾರು ಕೆಲಸಗಳನ್ನು ಸರದಿಯ ಮೇಲೆ ನೋಡಿಕೊಳ್ಳುವ ಆಳು. ಅದು ಬೇರೆ ಕೆಲಸದಲ್ಲಿರುವಾಗ ಬಂದ ಅಳತೆಗಳು ಚೆಲ್ಲಿಹೋಗದಿರಲೆಂದು ನಡುವೆ ಒಂದು ತೊಟ್ಟಿಯನ್ನು ಕಟ್ಟಿರುತ್ತಾರೆ. ಇದಕ್ಕೆ ಬಫರ್ ಎಂದು ಹೆಸರು. ತೊಟ್ಟಿ ತುಂಬುವಷ್ಟರಲ್ಲಿ ಆಳು ಬಂದು ಮೊಗೆದುಕೊಂಡರೆ ಸರಿ. ಬಾರದಿದ್ದರೆ ನೀರು ಹೊರಚೆಲ್ಲುವುದು. ೨೫೬ ಅಳತೆಗಳ ತೊಟ್ಟಿಯು ತುಂಬಲು ಐದು ಮಿಲಿಸೆಕೆಂಡುಗಳಿಗೆ ಸ್ವಲ್ಪ ಹೆಚ್ಚು ಕಾಲ ಹಿಡಿಯುವುದು. ೧,೦೨೪ ಅಳತೆಗಳದಕ್ಕೆ ಇಪ್ಪತ್ತೊಂದು ಮಿಲಿಸೆಕೆಂಡು. ಚಲನಚಿತ್ರ ಸಂಗೀತವನ್ನು ಪದರ ಪದರವಾಗಿ ಮುದ್ರಿಸುವ ಸ್ಟುಡಿಯೋಗಳಲ್ಲಿ ಹಾಡುಗಾರನು ತನ್ನ ಧ್ವನಿಯನ್ನು ಗಣಕದ ಮೂಲಕವೇ ಕಿವಿಯಲ್ಲಿ ಕೇಳಿಕೊಳ್ಳುತ್ತಾನಾದ್ದರಿಂದ ತೊಟ್ಟಿ ಚಿಕ್ಕದಾಗಿರಬೇಕು. ಇಲ್ಲವಾದರೆ ಅವನ ಧ್ವನಿ ಅವನಿಗೆ ತಡವಾಗಿ ಕೇಳಿಸುವುದು. ಜಗಲಿಯ ಮೇಲೆ ಕುಳಿತು ಹಾಡುವ ನಮ್ಮ ಕಲಾವಿದರಿಗೆ ಆ ಬಾಧೆಯಿಲ್ಲ. ಹೀಗಿದ್ದರೂ ಸ್ಟುಡಿಯೋದವರ ಅನುಕರಣೆಯಿಂದಲೋ ಯಂತ್ರದ ಮೊದಲಿನ ಏರ್ಪಾಡನ್ನು ಬದಲಿಸದೆ ಬಿಟ್ಟುದರಿಂದಲೋ ಚಿಕ್ಕ ತೊಟ್ಟಿಯಲ್ಲಿಯೇ ಮುದ್ರಿಸುವವರು ಅನೇಕರು. ಕ್ಷೇತ್ರಕಾರ್ಯದಲ್ಲಿ ಅದನ್ನು ೧,೦೨೪ಕ್ಕೋ ೨,೦೪೮ಕ್ಕೋ ಏರಿಸಿಬಿಡುವುದೇ ಮೇಲು. ಲೋಪಗಳಲ್ಲಿ ಬಹುಪಾಲು ಇದೊಂದರಿಂದಲೇ ನಿಂತುಹೋಗುವುದು.

ಇನ್ನು ಲೋಪದ ಸ್ವರೂಪ. ಅದು ಒಂದೇ ಬಗೆಯದಲ್ಲ. ಪಾಠಪರಿಶೋಧಕರು ಲಿಪಿಕಾರರ ತಪ್ಪುಗಳಲ್ಲಿ ಎಣಿಸುವ ಭೇದಗಳೇ ಇಲ್ಲಿಯೂ ಕಾಣುವುದು ಸೋಜಿಗವಾಗಿದೆ. ಕಳೆದುಹೋದ ಅಳತೆಗಳ ಎಡೆಯಲ್ಲಿ ಸೊನ್ನೆಗಳನ್ನು ತುಂಬುವುದು ಒಂದು ಬಗೆ. ಇದು ಲಿಪಿಕಾರನು ಓದಲಾಗದ ಜಾಗವನ್ನು ಖಾಲಿ ಬಿಟ್ಟು ಮುಂದುವರಿದಂತೆ. ಹೋದದ್ದು ಹೋದರೂ ಎಷ್ಟು ಹೋಯಿತೆಂಬುದು ಉಳಿಯುತ್ತದೆ. ಹಿಂದಿನ ತೊಟ್ಟಿಯ ಅಳತೆಗಳನ್ನೇ ಮತ್ತೊಮ್ಮೆ ಬರೆಯುವುದು ಇನ್ನೊಂದು ಬಗೆ. ಒಂದೇ ಪದವನ್ನು ಎರಡು ಸಲ ಬರೆದ ದ್ವಿರುಕ್ತಿಯ ದೋಷವಿದು, ಕಿವಿಗೆ ತೊದಲಿದಂತೆ ಕೇಳಿಸುವುದು. ಎಲ್ಲಕ್ಕಿಂತ ಅಪಾಯಕರವಾದದ್ದು ಮೂರನೆಯದು. ಇಲ್ಲಿ ಯಂತ್ರವು ಕಳೆದುದನ್ನು ಬಿಟ್ಟು, ಅದರ ಹಿಂದುಮುಂದಿನ ಅಳತೆಗಳನ್ನು ಏನೂ ಆಗದಂತೆ ಒಂದಕ್ಕೊಂದು ಹೊಂದಿಸಿಬಿಡುವುದು. ಕಣ್ಣು ಜಾರಿ ಪಂಕ್ತಿಯನ್ನೇ ಬಿಟ್ಟ ಲಿಪಿಕಾರನ ಪ್ರತಿಯಲ್ಲಿ ಹೇಗೆ ಗರಿ ಸುಂದರವಾಗಿ ತುಂಬಿರುತ್ತದೆಯೋ ಹಾಗೆಯೇ ಇದೂ ಪೂರ್ಣವಾಗಿ ಕಾಣುತ್ತದೆ. ಕೂಡಿದೆಡೆಯಲ್ಲಿ ಸಣ್ಣದೊಂದು ಚಿಟಿಕೆಯ ಸದ್ದು ಬಂದರೆ ನಮ್ಮ ಪುಣ್ಯ.

ಇಪ್ಪತ್ತು ಮಿಲಿಸೆಕೆಂಡುಗಳಲ್ಲಿ ಏನು ಮಹಾ ಹೋದೀತು ಎಂದು ಕೆಲವರು ಕೇಳಬಹುದು. ಅವರು ‘ಕತ್ತೆ’ ಮತ್ತು ‘ಕತೆ’ ಎಂಬ ಎರಡು ಪದಗಳನ್ನು ವಿಚಾರಿಸಲಿ. ಒತ್ತಕ್ಷರವನ್ನು ಉಚ್ಚರಿಸುವಾಗ ನಾಲಗೆಯು ಹಲ್ಲಿಗೆ ತಾಗಿ ಧ್ವನಿಯನ್ನು ತಡೆಹಿಡಿಯುವುದು. ಒಂಟಿ ತಕಾರಕ್ಕೂ ಈ ತಡೆಯುಂಟು, ಆದರೆ ಅಲ್ಪಕಾಲ. ಎರಡಕ್ಕೂ ಮುಖ್ಯವಾದ ಭೇದವು ಆ ಮೌನದ ಉದ್ದದಲ್ಲಿಯೇ ಇದೆ. ೧,೦೨೪ ಅಳತೆಗಳ ನಾಲ್ಕು ತೊಟ್ಟಿಗಳು ಒಂದೇ ಸಮನೆ ಚೆಲ್ಲಿದರೆ ಎಂಬತ್ತೈದು ಮಿಲಿಸೆಕೆಂಡು ಹೋಯಿತು. ಆ ನಷ್ಟವು ದೈವವಶದಿಂದ ಒತ್ತಕ್ಷರದ ಮೌನದಲ್ಲಿ ಬಿದ್ದು, ಯಂತ್ರವು ಮೂರನೆಯ ಬಗೆಯಲ್ಲಿ ಹೊಂದಿಸಿತೆಂದರೆ, ಮೌನಕ್ಕೆ ಮೌನ ಸೇರಿದ್ದರಿಂದ ಚಿಟಿಕೆಯ ಸದ್ದೂ ಇಲ್ಲದೆ ಕತ್ತೆಯು ಕತೆಯಾಗುವ ಸಂಭವವಿದೆ! ಮೂರು ಮಾತ್ರೆಯ ಪದ ಎರಡು ಮಾತ್ರೆಗೆ ಇಳಿಯಿತು. ಭಾಮಿನಿ ಷಟ್ಪದಿಯಂತಹ ಬಂಧದಲ್ಲಿ ಮೂರು ನಾಲ್ಕರ ಗಣಗಳನ್ನು ಎಣಿಸಿ ಕೊರತೆಯನ್ನು ಹಿಡಿಯಬಹುದು. ಲಯವು ಹಾಡುವವನ ಉಸಿರಿನಂತೆ ಹಿಗ್ಗುವ ಕುಗ್ಗುವ ಜನಪದ ಕಾವ್ಯಗಳಲ್ಲಿ ಅಂತಹ ಒರೆಗಲ್ಲು ಇಲ್ಲ. ಪಾಡ್ದನದ ಒಂದು ಪ್ರತಿಯಲ್ಲಿ ಕಂಡ ವಿಚಿತ್ರ ರೂಪವನ್ನು ಉಪಭಾಷೆಯ ಲಕ್ಷಣವೆಂದು ಬಗೆದು ಟಿಪ್ಪಣಿ ಬರೆಯುವವರು, ಅದು ಯಂತ್ರದ ಲೋಪವಲ್ಲವೆಂಬುದನ್ನು ಮೊದಲು ನೋಡಿಕೊಳ್ಳುವುದು ಲೇಸು.

ಹೀಗಿರಲಾಗಿ ಲೋಪವನ್ನು ಕಿವಿಯಿಂದ ಮಾತ್ರವಲ್ಲದೆ ಕಣ್ಣಿನಿಂದಲೂ ಪರೀಕ್ಷಿಸಬೇಕಾಗುವುದು. ಮುದ್ರಣದ ಸಾಫ್ಟ್‌ವೇರಿನಲ್ಲಿ ಧ್ವನಿಯ ರೇಖಾಚಿತ್ರವನ್ನು ಹಿಗ್ಗಿಸಿ ನೋಡಿರಿ. ಎಂತಹ ನಿಶ್ಶಬ್ದವಾದ ಕೋಣೆಯಲ್ಲಿಯೂ ಗಾಳಿಯ ಸುಯ್ಲು, ದೂರದ ಹಕ್ಕಿ, ಮೈಕ್ರೋಫೋನಿನ ಸ್ವಂತ ಮರ್ಮರ ಇದ್ದೇ ಇರುವುವು. ರೇಖೆಯು ಸಣ್ಣಗೆ ನಡುಗುತ್ತಲೇ ಇರಬೇಕು. ದಾರ ಕಟ್ಟಿ ಎಳೆದಂತೆ ನೇರವಾದ ಸೊನ್ನೆಯ ಗೆರೆ ಕಂಡಿತೆಂದರೆ ಅದು ಮೌನವಲ್ಲ, ಅಭಾವ. ಮೈಕ್ರೋಫೋನಿನ ತಂತಿ ಸಡಿಲವಾಗಿ ಧ್ವನಿ ಹೋದೆಡೆಯಲ್ಲಾದರೆ ಇಂಟರ್‌ಫೇಸಿನ ಮರ್ಮರವಾದರೂ ಉಳಿದಿರುತ್ತದೆ. ಅಭಾವದ ಉದ್ದವು ತೊಟ್ಟಿಯ ಅಳತೆಗೆ ಸಮವಾಗಿಯೋ ಅದರ ಇಮ್ಮಡಿ ಮುಮ್ಮಡಿಯಾಗಿಯೋ ಇದ್ದರೆ ತಪ್ಪು ಗಣಕದ ಒಳಗಿನದೆಂಬುದರಲ್ಲಿ ಸಂದೇಹ ಬೇಡ. ಕಡತದಲ್ಲಿ ರೇಖೆ ಅಖಂಡವಾಗಿದ್ದು ಕೇಳುವಾಗ ಮಾತ್ರ ತುಂಡಾಗುತ್ತಿದ್ದರೆ ಪ್ರತಿಯು ಶುದ್ಧವಾಗಿಯೇ ಇದೆ. ಓದುವವನ ಕನ್ನಡಕ ಸರಿಯಿಲ್ಲ ಅಷ್ಟೆ.

ಕ್ಷೇತ್ರಕ್ಕೆ ಹೊರಡುವ ಮುನ್ನ ಮಾಡತಕ್ಕ ಪರೀಕ್ಷೆಯೊಂದನ್ನು ಇಲ್ಲಿಯೇ ಹೇಳಬಹುದು. ವಿದ್ಯುತ್ತಿನ ಶ್ರುತಿಪೆಟ್ಟಿಗೆಯನ್ನು ಹಾರ್ಮೋನಿಯಮಿನ ಬಗೆಯ ಒಂದೇ ಸಮನಾದ ನಾದಕ್ಕೆ ಇಟ್ಟು, ಒಂದು ಗಂಟೆ ಮುದ್ರಿಸಿ, ಅದರ ಸ್ವರಚಿತ್ರವನ್ನು ನೋಡಬೇಕು. ಶುದ್ಧವಾದ ಮುದ್ರಣದಲ್ಲಿ ಅಡ್ಡಗೆರೆಗಳು ಮಾತ್ರ ಕಾಣುವುವು. ನಾದವು ತುಂಡಾದ ಪ್ರತಿಯೊಂದೆಡೆಯಲ್ಲಿಯೂ ಬುಡದಿಂದ ತುದಿಯವರೆಗೆ ಒಂದು ನೆಟ್ಟಗಿನ ಗೆರೆ ನಿಂತಿರುವುದು. ಮಾತಿನ ನಡುವೆ ಅಡಗಬಹುದಾದ ಲೋಪಕ್ಕೆ ಶ್ರುತಿಯಲ್ಲಿ ಅಡಗುವ ತಾಣವಿಲ್ಲ.

ಲೋಪವಿದೆಯೆಂದು ಗೊತ್ತಾದ ಮೇಲೆ ಕಾರಣವನ್ನು ಹುಡುಕುವಾಗ ಅದು ಬೀಳುವ ಹೊತ್ತುಗಳನ್ನು ಬರೆದಿಡುವುದರಿಂದ ಆಗುವಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗದು. ಕ್ಲುಪ್ತವಾದ ಅಂತರದಲ್ಲಿ ಬೀಳುತ್ತಿದೆಯೇ? ಹಾಗಾದರೆ ಎರಡು ಗಡಿಯಾರಗಳ ಜಗಳವನ್ನು ಶಂಕಿಸಬೇಕು. ಎರಡು ಇಂಟರ್‌ಫೇಸುಗಳನ್ನು ಒಂದೇ ಗಣಕಕ್ಕೆ ಜೋಡಿಸಿದಾಗ ಒಂದೊಂದೂ ತನ್ನ ಹರಳಿನ ಗಡಿಯಾರದಂತೆ ಅಳೆಯುವುದು. ಇವೆರಡಕ್ಕೆ ಲಕ್ಷಕ್ಕೆ ಒಂದರಷ್ಟೇ ವ್ಯತ್ಯಾಸವಿದ್ದರೂ ಗಂಟೆಗೆ ೧,೭೨೮ ಅಳತೆಗಳ ಅಂತರ ಬೀಳುವುದು. ೧,೦೨೪ರ ತೊಟ್ಟಿಯೊಂದು ಸುಮಾರು ಮೂವತ್ತಾರು ನಿಮಿಷಕ್ಕೊಮ್ಮೆ ಚೆಲ್ಲಲೇಬೇಕು. ಒಂದು ಗಡಿಯಾರವನ್ನು ಮತ್ತೊಂದಕ್ಕೆ ಅಧೀನವಾಗಿ ಮಾಡುವುದೊಂದೇ ಇದಕ್ಕೆ ಮದ್ದು. ಅಂತರವು ಅನಿಯತವಾಗಿದ್ದರೆ ಗಣಕದ ಇತರ ಕೆಲಸಗಳ ಕಡೆ ನೋಡಬೇಕು. ವಿಂಡೋಸ್ ವ್ಯವಸ್ಥೆಯಲ್ಲಿ ನಿಸ್ತಂತು ಜಾಲದ ಡ್ರೈವರ್, ಚಿತ್ರಪಟದ ಡ್ರೈವರ್, ಬ್ಯಾಟರಿಯ ಸ್ಥಿತಿಯನ್ನು ಕೇಳುತ್ತಿರುವ ಕಾರ್ಯ ಮುಂತಾದವು ಕೆಲವೊಮ್ಮೆ ಪ್ರೊಸೆಸರನ್ನು ಹಲವು ಮಿಲಿಸೆಕೆಂಡುಗಳ ಕಾಲ ಬಿಡದೆ ಹಿಡಿದುಕೊಳ್ಳುವುದುಂಟು. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರು ಹೀಗೆ ಮಾಡಿದವರ ಹೆಸರನ್ನು ಹೇಳಿಬಿಡುವುದು. ಮುದ್ರಣದ ಹೊತ್ತಿನಲ್ಲಿ ವೈ-ಫೈಯನ್ನು ಆರಿಸುವುದು, ವೈರಸ್ ತಪಾಸಣೆಯನ್ನೂ ತಾನಾಗಿ ನಡೆಯುವ ನವೀಕರಣವನ್ನೂ ನಿಲ್ಲಿಸುವುದು, ಯು.ಎಸ್.ಬಿ. ದ್ವಾರಗಳನ್ನು ನಿದ್ರೆಗೆ ಕಳುಹಿಸುವ ಮಿತವ್ಯಯದ ಏರ್ಪಾಡನ್ನು ತೆಗೆಯುವುದು, ಇಂಟರ್‌ಫೇಸನ್ನು ಕವಲುಪೆಟ್ಟಿಗೆಯ ಮೂಲಕವಲ್ಲದೆ ನೇರವಾಗಿ ಜೋಡಿಸುವುದು ಎಲ್ಲವೂ ಹಿತ. ಇವನ್ನೆಲ್ಲ ಒಟ್ಟಿಗೆ ಮಾಡಿದರೆ ರೋಗ ವಾಸಿಯಾದೀತು, ನಿದಾನ ತಿಳಿಯದು. ನಾಳೆ ಬೇರೊಂದು ಗಣಕದಲ್ಲಿ ಅದೇ ರೋಗ ಕಂಡಾಗ ಮತ್ತೆ ಮೊದಲಿನಿಂದ ಹೊರಡಬೇಕಾಗುವುದು. ಒಂದೊಂದನ್ನೇ ಬದಲಿಸಿ ಶ್ರುತಿಪೆಟ್ಟಿಗೆಯ ಪರೀಕ್ಷೆಗೆ ಒಡ್ಡುವುದು ಶಾಸ್ತ್ರೀಯವಾದ ಕ್ರಮ.

ಹಳ್ಳಿಗಳಲ್ಲಿ ಇನ್ನೊಂದು ಇಕ್ಕಟ್ಟುಂಟು. ವಿದ್ಯುತ್ತಿಗೆ ಜೋಡಿಸಿಟ್ಟರೆ ಗುಂಯ್ ಎಂಬ ಸದ್ದು ಮುದ್ರಣದಲ್ಲಿ ಸೇರುವುದೆಂದು ಬ್ಯಾಟರಿಯ ಮೇಲೆ ನಡೆಸುತ್ತೇವೆ. ಆಗ ಗಣಕವು ಬ್ಯಾಟರಿ ಉಳಿಸಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದು, ಲೋಪಗಳು ತೊಡಗುವುವು. ಬ್ಯಾಟರಿಯಲ್ಲಿದ್ದಾಗಲೂ ಪೂರ್ಣ ವೇಗವನ್ನು ಬಿಡಕೂಡದೆಂದು ಮೊದಲೇ ವಿಧಿಸಿ, ಬದಲಿಗೆ ಎರಡನೆಯ ಬ್ಯಾಟರಿಯನ್ನೋ ಶಕ್ತಿಯ ಪೆಟ್ಟಿಗೆಯನ್ನೋ ಒಯ್ಯುವುದು ಇದಕ್ಕೆ ಉಪಾಯ.

ಇಷ್ಟಾದರೂ ಲೋಪವು ನಿಲ್ಲದಿದ್ದರೆ, ಅಥವಾ ನಿನ್ನೆಯವರೆಗೆ ಶುದ್ಧವಾಗಿದ್ದ ಯಂತ್ರದಲ್ಲಿ ಹಠಾತ್ತಾಗಿ ಕಾಣಿಸಿಕೊಂಡರೆ, ದೃಷ್ಟಿಯನ್ನು ಹಾರ್ಡ್ ಡಿಸ್ಕಿನ ಕಡೆಗೆ ತಿರುಗಿಸತಕ್ಕದ್ದು. ಈ ಲೇಖನದ ಮುಖ್ಯಾಂಶವೂ ಇದೇ: ಧ್ವನಿಲೋಪವೆಂಬುದು ಕೆಲವೊಮ್ಮೆ ಸ್ವತಂತ್ರವಾದ ರೋಗವಲ್ಲ, ಸಾಯುತ್ತಿರುವ ಡಿಸ್ಕಿನ ಮೊದಲ ಕೆಮ್ಮು.

೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲನೆಯ ಹಾರ್ಡ್ ಡಿಸ್ಕಿನಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಆರು ಬಿಟ್ಟಿನ ೫೦ ಲಕ್ಷ ಅಕ್ಷರಗಳನ್ನು ಅದು ಹಿಡಿಯುತ್ತಿತ್ತು. ನಮ್ಮ ಈಗಿನ ಮುದ್ರಣದ ಲೆಕ್ಕದಲ್ಲಿ ಹದಿಮೂರು ಸೆಕೆಂಡು. ಷಟ್ಪದಿಯೊಂದನ್ನು ಗಮಕಿಯು ಹಾಡಿ ಮುಗಿಸುವುದು ಕಷ್ಟ! ಈಗಿನ ಡಿಸ್ಕು ಅಂಗೈಯಗಲವಿದ್ದರೂ ತತ್ತ್ವ ಅದೇ. ತಟ್ಟೆಯು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರಲು, ಹೆಡ್ ಎಂಬ ಲೇಖನಿಯು ಅದರ ಮೇಲೆ ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುವುದು. ತಲೆಗೂದಲಿನ ದಪ್ಪದಲ್ಲಿ ಸುಮಾರು ಹತ್ತು ಸಾವಿರದಲ್ಲೊಂದು ಪಾಲೆಂದು ಊಹಿಸಿಕೊಳ್ಳಬಹುದು. ಓಲೆಯ ಮೇಲಿನ ಕಂಟವು ತಾಗದಿದ್ದರೆ ಬರಹವಿಲ್ಲ. ಈ ಕಂಟವು ತಾಗಿದರೆ ಬರಹ ಉಳಿಯದು.

ಇಂತಹ ಯಂತ್ರಕ್ಕೆ ಅದುರು ಎಂಬುದು ಶತ್ರು. ೨೦೦೮ರಲ್ಲಿ ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯ ಬ್ರೆಂಡನ್ ಗ್ರೆಗ್ ಎಂಬುವರು ಡಿಸ್ಕುಗಳ ಮುಂದೆ ನಿಂತು ಕೂಗಿ, ಕೂಗಿದ ಕ್ಷಣದಲ್ಲಿ ಅವು ತಡವರಿಸಿದುದನ್ನು ಚಿತ್ರಪಟದ ಮೇಲೆ ತೋರಿಸಿದರು. ೨೦೧೬ರ ಸೆಪ್ಟೆಂಬರಿನಲ್ಲಿ ಬುಖಾರೆಸ್ಟ್ ನಗರದ ಐ.ಎನ್.ಜಿ. ಬ್ಯಾಂಕಿನ ಗಣಕಾಲಯದಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಯನ್ನು ಪರೀಕ್ಷಿಸುವಾಗ, ಅನಿಲವು ಹೊರನುಗ್ಗಿದ ಅಬ್ಬರಕ್ಕೇ ಡಿಸ್ಕುಗಳು ಕೆಟ್ಟು ಬ್ಯಾಂಕಿನ ವ್ಯವಹಾರವು ಹಲವು ಗಂಟೆಗಳ ಕಾಲ ನಿಂತಿತ್ತು. ಯಕ್ಷಗಾನದ ರಂಗಸ್ಥಳದಲ್ಲಿ ಚೆಂಡೆಯ ಮಗ್ಗುಲಲ್ಲಿಯೇ ಮೇಜಿನ ಮೇಲೆ ಗಣಕವನ್ನಿಟ್ಟು ಮುದ್ರಿಸುವವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗದು. ಏರುಪದದಲ್ಲಿ ಮಾತ್ರ ಲೋಪ ಬಿದ್ದು ಅರ್ಥಗಾರಿಕೆಯಲ್ಲಿ ಬೀಳದಿದ್ದರೆ ಕಾರಣವು ಚೆಂಡೆಯೇ. ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಡಿಸ್ಕಿನಲ್ಲಿ ಈ ಬಾಧೆಯಿಲ್ಲವಾದ ಕಾರಣ ಕ್ಷೇತ್ರದಲ್ಲಿ ಅದೇ ಉತ್ತಮ. ದೊಡ್ಡ ಗಾತ್ರದ ಅಗ್ಗದ ಡಿಸ್ಕುಗಳಲ್ಲಿ ಕೆಲವು ತಮ್ಮ ಪಥಗಳನ್ನು ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಬರುವ ಹಾಗೆ ಬರೆಯುವುವು. ನಡುವಿನ ಹೆಂಚೊಂದನ್ನು ಬದಲಿಸಲು ಸಾಲನ್ನೇ ಎತ್ತಿ ಹೊದಿಸಬೇಕಾದಂತೆ ಇವೂ ಪಟ್ಟಿಯನ್ನೇ ಮರಳಿ ಬರೆಯುತ್ತ ಕೂರುವುದುಂಟು. ಅವು ಪ್ರತಿಗಳನ್ನು ಇಡಲು ಯೋಗ್ಯ, ಮುದ್ರಿಸಲು ಅಲ್ಲ.

ತಟ್ಟೆಯ ಮೇಲ್ಮೈಯಲ್ಲಿ ಒಂದು ಭಾಗ ಸವೆದರೆ ಡಿಸ್ಕು ಕೂಡಲೆ ಸೋತೆನೆನ್ನುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಪ್ರಯತ್ನಿಸುವುದು. ಮನೆಬಳಕೆಯ ಡಿಸ್ಕುಗಳಲ್ಲಿ ಈ ಹಠವು ಹಲವಾರು ಸೆಕೆಂಡುಗಳವರೆಗೂ ನಡೆಯಬಹುದು. ಮಿಲಿಸೆಕೆಂಡುಗಳಲ್ಲಿ ತುಂಬುವ ತೊಟ್ಟಿಗೆ ಇದು ಯುಗ. ಹೀಗೆ ಹುಟ್ಟಿದ ಲೋಪಗಳು ಉದ್ದವಾಗಿರುವುವು, ಜೊತೆಗೆ ಗಣಕವೇ ಕ್ಷಣಕಾಲ ಮರಗಟ್ಟಿದಂತೆ ತೋರುವುದು. ಆಗ ತೊಟ್ಟಿಯನ್ನು ದೊಡ್ಡದು ಮಾಡಿ ಮುಂದುವರಿಯುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ನಡೆಸಿಕೊಂಡು ಹೋದಂತೆ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು, ಓದುವ ಸಾಫ್ಟ್‌ವೇರುಗಳು ಬೆಲೆಯಿಲ್ಲದೆ ದೊರೆಯುವುವು. ಅದರಲ್ಲಿ ೫ನೆಯ ಅಂಕದ ಸಾಲು ಕೆಟ್ಟುಹೋದುದರಿಂದ ಬದಲಿ ಜಾಗಕ್ಕೆ ಸಾಗಿಸಿದ ಖಂಡಗಳ ಸಂಖ್ಯೆ. ೧೯೭ನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಖಂಡಗಳದು. ಇವೆರಡೂ ಸೊನ್ನೆಯಾಗಿರಬೇಕು. ೧೯೯ನೆಯ ಸಾಲೊಂದೇ ಏರುತ್ತಿದ್ದರೆ ಬಹುಮಟ್ಟಿಗೆ ಡಿಸ್ಕು ನಿರ್ದೋಷಿ, ಅದನ್ನು ಜೋಡಿಸಿದ ತಂತಿಯು ಅಪರಾಧಿ. ತಂತಿಯನ್ನು ಬದಲಿಸಿದರೆ ಸಾಕು.

ಆದರೆ ಸೊನ್ನೆಯನ್ನು ಕಂಡು ನಿಶ್ಚಿಂತರಾಗುವಂತೆಯೂ ಇಲ್ಲ. ಗೂಗಲ್ ಸಂಸ್ಥೆಯ ಪಿನ್ಹೇರೊ, ವೆಬರ್, ಬರೋಸೊ ಎಂಬ ಮೂವರು ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕುಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಮಾತುಗಳಿವೆ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ಮುಂದಿನ ಅರುವತ್ತು ದಿನಗಳೊಳಗೆ ಸಾಯುವ ಸಂಭವವು ದೋಷವಿಲ್ಲದ ಡಿಸ್ಕಿಗಿಂತ ೩೯ ಪಾಲು ಹೆಚ್ಚು. ಇನ್ನೊಂದೆಂದರೆ, ಸತ್ತ ಡಿಸ್ಕುಗಳಲ್ಲಿ ನೂರಕ್ಕೆ ೫೬ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಸತ್ತಿದ್ದುವು. ಎಂದರೆ ಕೆಟ್ಟ ಶಕುನವನ್ನು ನಂಬಬೇಕು, ಒಳ್ಳೆಯ ಶಕುನವನ್ನು ನಂಬಕೂಡದು.

ಡಿಸ್ಕಿನ ತಪ್ಪೆಂದು ತೋರಿದರೂ ತಪ್ಪಲ್ಲದ ಸಂಗತಿಯೊಂದುಂಟು. ಇಡೀ ರಾತ್ರಿಯ ಪ್ರದರ್ಶನವನ್ನು ಒಂದೇ ವೇವ್ ಕಡತವಾಗಿ ಮುದ್ರಿಸುವವರಲ್ಲಿ ಕೆಲವರಿಗೆ ನಾಲ್ಕು ಗಂಟೆ ಎಂಟು ನಿಮಿಷಗಳ ಸುಮಾರಿಗೆ ಮುದ್ರಣ ನಿಂತುಹೋಗಿರುವುದು ಕಾಣುವುದು. ಆ ಕಡತದ ಶೀರ್ಷಿಕೆಯಲ್ಲಿ ಗಾತ್ರವನ್ನು ಬರೆಯಲಿರುವ ಎಡೆ ೩೨ ಬಿಟ್ಟಿನದು. ೪೨೯ ಕೋಟಿ ಬೈಟುಗಳಿಗಿಂತ ದೊಡ್ಡ ಸಂಖ್ಯೆಗೆ ಅಲ್ಲಿ ಜಾಗವಿಲ್ಲ. ಗಂಟೆಗೊಂದು ಕಡತವಾಗಿ ಮುರಿಯುವಂತೆ ಏರ್ಪಡಿಸಿದರೆ ತೀರಿತು. ಇನ್ನು, ಮುದ್ರಣದ ನಡುವೆ ವಿದ್ಯುತ್ತು ಹೋದಾಗ ಕಡತದ ಗಾತ್ರ ಸೊನ್ನೆಯೆಂದು ಕಾಣಿಸಿದರೆ ಅದನ್ನು ಅಳಿಸಿಬಿಡಬಾರದು. ಎಷ್ಟೋ ಸಾಫ್ಟ್‌ವೇರುಗಳು ಶೀರ್ಷಿಕೆಯನ್ನು ಕೊನೆಯಲ್ಲಿ ಬರೆಯುವುವು. ಶೀರ್ಷಿಕೆಯಿಲ್ಲದಿದ್ದರೂ ಗ್ರಂಥವು ಒಳಗಿರಬಹುದು. ಆಡಾಸಿಟಿಯಂತಹ ಸಾಫ್ಟ್‌ವೇರಿನಲ್ಲಿ ಕಚ್ಚಾ ಅಂಕಿಗಳಾಗಿ ತೆರೆದು, ೪೮,೦೦೦ ಮತ್ತು ೨೪ ಬಿಟ್ಟು ಎಂದು ನಾವೇ ಹೇಳಿಕೊಟ್ಟರೆ ಧ್ವನಿ ಬರುವುದುಂಟು.

ಡಿಸ್ಕು ಕೆಡುತ್ತಿದೆಯೆಂದು ನಿಶ್ಚಯವಾದೊಡನೆ ಅದಕ್ಕೆ ಬರೆಯುವುದನ್ನು ನಿಲ್ಲಿಸಬೇಕು. ದುರಸ್ತಿಯ ಸಾಫ್ಟ್‌ವೇರನ್ನು ಅದರ ಮೇಲೆಯೇ ನಡೆಸುವುದು ದೊಡ್ಡ ಪ್ರಮಾದ. ಹರಿದ ಗರಿಯನ್ನು ಪ್ರತಿ ಮಾಡಿಕೊಳ್ಳುವ ಮೊದಲು ಉಜ್ಜಿ ತೊಳೆದಂತೆ. ಕಟಕಟ ಸದ್ದು ಬರುತ್ತಿದ್ದರೆ ಹೆಡ್ಡಿಗೇ ಪೆಟ್ಟಾಗಿರುವ ಸಂಭವವಿದೆ. ವಿದ್ಯುತ್ತನ್ನು ತೆಗೆದು, ಧೂಳಿಲ್ಲದ ಕೋಣೆಯುಳ್ಳ ವೃತ್ತಿಪರರ ಬಳಿಗೆ ಒಯ್ಯುವುದೊಂದೇ ದಾರಿ. ಮನೆಯಲ್ಲಿ ಮುಚ್ಚಳ ತೆರೆಯುವುದಾಗಲಿ, ಕೆಲವರು ಹೇಳುವಂತೆ ಶೀತಪೆಟ್ಟಿಗೆಯಲ್ಲಿಡುವುದಾಗಲಿ ಸಲ್ಲದು; ಹೊರತೆಗೆದಾಗ ಒಳಗೆ ಹನಿಗಟ್ಟುವ ತೇವವು ಉಳಿದುದನ್ನೂ ತೆಗೆದೀತು. ಎಸ್.ಎಸ್.ಡಿ.ಯು ಈ ವಿಷಯದಲ್ಲಿ ಹೆಚ್ಚು ನಿರ್ದಯಿ. ಅದು ಮುನ್ಸೂಚನೆಯಿಲ್ಲದೆ ಒಮ್ಮೆಗೇ ಸಾಯುವುದುಂಟು. ಅಳಿಸಿದ ಕಡತಗಳ ಜಾಗವನ್ನು ತಾನಾಗಿ ಬರಿದು ಮಾಡಿಕೊಳ್ಳುವುದರಿಂದ ಕೈತಪ್ಪಿ ಅಳಿಸಿದುದು ಸಾಮಾನ್ಯವಾಗಿ ಮರಳಿ ದೊರೆಯದು.

ಇದನ್ನೆಲ್ಲ ತಪ್ಪಿಸುವುದು ಪ್ರತಿಗಳ ಸಂಖ್ಯೆಯೊಂದೇ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಎಂಬ ನಿಯಮವನ್ನು ಬಲ್ಲವರು ಪಾಲಿಸುತ್ತಾರೆ. ಗಣಕದ ಜೊತೆಗೆ ಕೈಯಳತೆಯ ಮುದ್ರಣಯಂತ್ರವೊಂದನ್ನು ಸ್ವತಂತ್ರವಾಗಿ ನಡೆಸಿದರೆ ಹುಟ್ಟುವಾಗಲೇ ಎರಡು ಪ್ರತಿಗಳಾಗಿರುವುವು. ಒಂದರ ಲೋಪವನ್ನು ಮತ್ತೊಂದರಿಂದ ತುಂಬಬಹುದು. ಗಡಿಯಾರಗಳ ಭೇದದಿಂದ ಗಂಟೆಗೆ ಕೆಲವು ಹತ್ತು ಮಿಲಿಸೆಕೆಂಡುಗಳ ಅಂತರ ಬೀಳುವುದನ್ನು ಮಾತ್ರ ಸರಿಪಡಿಸಿಕೊಳ್ಳಬೇಕು. ಪ್ರತಿಯು ಮೂಲಕ್ಕೆ ಸರಿಯಾಗಿದೆಯೇ ಎಂದು ತಿಳಿಯಲು ನಮ್ಮ ಲಿಪಿಕಾರರು ಮೂವತ್ತೆರಡು ಅಕ್ಷರಗಳ ಲೆಕ್ಕದಲ್ಲಿ ಗ್ರಂಥಸಂಖ್ಯೆಯನ್ನು ಕೊನೆಯಲ್ಲಿ ಬರೆಯುತ್ತಿದ್ದರಷ್ಟೆ. ಗಣಕದಲ್ಲಿ ಇದಕ್ಕೆ ಸಮನಾದುದು ಚೆಕ್‌ಸಮ್ ಎಂಬ ಮುದ್ರೆ. ಗ್ರಂಥಸಂಖ್ಯೆಯು ಅಕ್ಷರಗಳ ಬದಲಾವಣೆಯನ್ನು ಹಿಡಿಯಲಾರದು. ಇದು ಒಂದು ಬಿಟ್ಟು ಬದಲಾದರೂ ಹಿಡಿಯುವುದು. ಮುದ್ರಿಸಿದ ದಿನವೇ ಅದನ್ನು ತೆಗೆದು ಪ್ರತಿಗಳೊಡನೆ ಇಡಬೇಕು, ವರ್ಷಕ್ಕೊಮ್ಮೆಯಾದರೂ ತಾಳೆ ನೋಡಬೇಕು.

ಎರಡನೆಯ ಪ್ರತಿಯಿಲ್ಲದ ಡಿಸ್ಕು, ಸದ್ದಿಲ್ಲದೆ, ಅಲ್ಲಲ್ಲಿ ಮಾತ್ರ ಕೆಟ್ಟಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರಿಗೆ ಸಮನಾದುದಿಲ್ಲ. ಅದು ಮೊದಲು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು, ಕಷ್ಟವಾದವನ್ನು ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಅವುಗಳ ಬಳಿಗೆ ಮರಳುವುದು. ಜೀರ್ಣವಾದ ಕಟ್ಟನ್ನು ನಕಲು ಮಾಡುವ ಅನುಭವಿಯೂ ಹೀಗೆಯೇ ಮಾಡುವನಷ್ಟೆ. ಎಲ್ಲಿ ಯಾವುದು ದೊರೆಯಲಿಲ್ಲವೆಂಬ ನಕ್ಷೆಯನ್ನೂ ಅದು ಬರೆದಿಡುವುದು. ಈ ನಕ್ಷೆಯನ್ನು ಕೆಲಸ ಮುಗಿದ ಮೇಲೆ ಎಸೆಯುವವರೇ ಹೆಚ್ಚು; ಸಂಪಾದಕನಿಗೆ ಅದಕ್ಕಿಂತ ಬೆಲೆಯುಳ್ಳ ಕಾಗದ ಬೇರೊಂದಿಲ್ಲ. ದೊರೆಯದ ಖಂಡಗಳಲ್ಲಿ ನಾವು ಆರಿಸಿದ ಒಂದು ಪದವನ್ನು ತುಂಬುವಂತೆ ಆ ಸಾಫ್ಟ್‌ವೇರಿಗೆ ಹೇಳಬಹುದು. ಬಳಿಕ ಆ ಪದವನ್ನು ಹುಡುಕಿದರೆ ಯಾವ ಕಡತದ ಎಷ್ಟನೆಯ ಬೈಟಿನಲ್ಲಿ ಲೋಪವಿದೆಯೆಂದು ತಿಳಿಯುವುದು. ಆ ಸಂಖ್ಯೆಯನ್ನು ೨,೮೮,೦೦೦ದಿಂದ ಭಾಗಿಸಿದರೆ ಸೆಕೆಂಡುಗಳು ಬರುವುವು. ೨೮ ಕೋಟಿ ೮೦ ಲಕ್ಷನೆಯ ಬೈಟಿನಲ್ಲಿ ೪,೦೯೬ ಬೈಟುಗಳ ಒಂದು ಖಂಡ ಹೋಗಿದೆಯೆನ್ನೋಣ. ಹದಿನಾರು ನಿಮಿಷ ನಲವತ್ತು ಸೆಕೆಂಡಿಗೆ ಸರಿಯಾಗಿ ಹದಿನಾಲ್ಕು ಮಿಲಿಸೆಕೆಂಡು ಲುಪ್ತವಾಗಿದೆಯೆಂದರ್ಥ. ಲಿಪ್ಯಂತರದಲ್ಲಿ ಆ ಪದದ ಮೇಲೆ ಗುರುತು ಹಾಕಿ, ಅಡಿಯಲ್ಲಿ ಕಾಲವನ್ನೂ ಉದ್ದವನ್ನೂ ನಮೂದಿಸಿ, ಪಾಠವನ್ನು ಇದ್ದಂತೆಯೇ ಬಿಡತಕ್ಕದ್ದು.